ಗಂಟೆ ಹೊಡೆದ ಮೇಲೂ ಇಂಗ್ಲಿಷ್: ತರಗತಿಗೊಂದು ಜಾಲತಾಣ ಏಕೆ, ಹೇಗೆ, ಯಾರಿಗಾಗಿ?

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಎಂಬುದು ಒಂದು ಪೀರಿಯಡ್ಡಿನ ಭಾಷೆ. ಮುಕ್ಕಾಲು ಗಂಟೆಯೊಳಗೆ ಪಾಠ ಮುಗಿದು ಗಂಟೆ ಹೊಡೆಯಿತೆಂದರೆ ಮರುದಿನದವರೆಗೆ ಅದರ ಸುಳಿವಿಲ್ಲ. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಲಂಬಾಣಿಯೋ ಇರುತ್ತದೆ. ಅಂಗಡಿಯಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ ಮಗುವಿನ ಕಿವಿಗೆ ಒಂದಾದರೂ ಪೂರ್ತಿ ಇಂಗ್ಲಿಷ್ ವಾಕ್ಯ ಬೀಳುವುದಿಲ್ಲ. ಬಿಡಿ ಪದಗಳೇನೋ ಬೇಕಾದಷ್ಟು ಬೀಳುತ್ತವೆ: ಟಿಕೆಟ್ಟು, ಚಾರ್ಜರು, ರೀಚಾರ್ಜು. ಆದರೆ ಅವೆಲ್ಲ ಕನ್ನಡದ ಪ್ರತ್ಯಯ ತೊಟ್ಟು ಕನ್ನಡದ ವಾಕ್ಯದೊಳಗೆ ಬರುವ ಪದಗಳು. ಭಾಷೆ ಕೈವಶವಾಗುವುದು ವಾಕ್ಯಗಳಿಂದ, ಅದರಲ್ಲೂ ಮತ್ತೆ ಮತ್ತೆ ಕೇಳಿದ ವಾಕ್ಯಗಳಿಂದ.

ಈ ಕೊರತೆಯನ್ನು ತುಂಬಲು ಇಂಗ್ಲಿಷ್ ಶಿಕ್ಷಕರೇ ತಮ್ಮ ತರಗತಿಯ ಮಕ್ಕಳಿಗಾಗಿ ಒಂದು ಚಿಕ್ಕ ಜಾಲತಾಣವನ್ನು ಕಟ್ಟಿದರೆ ಎಷ್ಟು ಪ್ರಯೋಜನವಾದೀತು? ಅಂಥ ತಾಣದಲ್ಲಿ ಏನಿರಬೇಕು, ಏನಿರಬಾರದು? ಮನೆಯಲ್ಲಿ ಫೋನಿಲ್ಲದ ಮಗುವಿನ ಗತಿಯೇನು? ಮಕ್ಕಳ ಖಾಸಗಿತನದ ಹೊಣೆ ಯಾರದು? ಈ ಪ್ರಶ್ನೆಗಳನ್ನು ಒಟ್ಟಾಗಿ ನೋಡುವ ಪ್ರಯತ್ನ ಈ ಲೇಖನ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತರಗತಿಯ ಪೀರಿಯಡ್ಡು ಕೊಡಲಾರದ ಎರಡು ಸಂಗತಿಗಳನ್ನು ಜಾಲತಾಣ ಕೊಡಬಲ್ಲದು. ಒಂದು, ಬೇಕೆನಿಸಿದಷ್ಟು ಸಲ ಕೇಳುವ ಅವಕಾಶ. ಇನ್ನೊಂದು, ಮಗುವಿನ ಇಂಗ್ಲಿಷಿಗೆ ಕೇಳುಗರು. ಈ ಎರಡಕ್ಕೆ ನೆರವಾಗುವುದಷ್ಟೇ ತಾಣದಲ್ಲಿರಲಿ, ಮಿಕ್ಕಿದ್ದೆಲ್ಲ ಅಲಂಕಾರ.

ಕಲಿಯುವವರೆಲ್ಲ ಒಂದೇ ಬಗೆಯವರಲ್ಲ

ತರಗತಿಗೆ ಜಾಲತಾಣ ಮಾಡಿಕೊಳ್ಳಿ ಎಂಬ ಸಲಹೆ ಬಹುಮಟ್ಟಿಗೆ ಅಮೆರಿಕದ ಶಾಲೆಗಳಿಂದ ಬಂದದ್ದು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿರುವ ಮಕ್ಕಳು ಸುಮಾರು 50 ಲಕ್ಷ ಇದ್ದಾರೆ. ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಪರವಾಗಿ ಹೂಡಿದ ಲಾವ್ ವರ್ಸಸ್ ನಿಕೋಲ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪು ಕೊಟ್ಟಿತು. ಇಂಗ್ಲಿಷ್ ತಿಳಿಯದ ಮಗುವಿಗೂ ಎಲ್ಲರಿಗೆ ಕೊಟ್ಟ ಪುಸ್ತಕವನ್ನೇ ಕೊಟ್ಟು, ಎಲ್ಲರಿಗಿರುವ ಶಿಕ್ಷಕರನ್ನೇ ಒದಗಿಸಿದ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂಬುದು ಅದರ ತಿರುಳು. ಆಮೇಲೆ ಅಲ್ಲಿ ಭಾಷಾ ನೆರವು ಹಕ್ಕಿನ ವಿಷಯವಾಯಿತು. ಅಲ್ಲಿನ ತರಗತಿ ತಾಣಗಳ ಮುಖ್ಯ ಕೆಲಸವೆಂದರೆ ಇಂಗ್ಲಿಷ್ ಬಾರದ ತಂದೆತಾಯಿಗೆ ಶಾಲೆಯ ಸುದ್ದಿಯನ್ನು ಅವರ ಭಾಷೆಯಲ್ಲಿ ಮುಟ್ಟಿಸುವುದು, ಮತ್ತು ಮಗುವಿಗೆ ವಿಜ್ಞಾನ, ಸಮಾಜದ ಪಾಠಗಳ ಕಠಿಣ ಪದಗಳನ್ನು ಬಿಡಿಸಿ ಹೇಳುವುದು. ಆಡುಮಾತಿನ ಇಂಗ್ಲಿಷನ್ನು ಆ ಮಗು ಆಟದ ಬಯಲಿನಲ್ಲಿ, ಬೀದಿಯಲ್ಲಿ, ಟಿವಿಯಲ್ಲಿ ಹೇಗೂ ಕಲಿಯುತ್ತದೆ.

ನಮ್ಮ ಹಳ್ಳಿಯ ಮಗುವಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ವಿಜ್ಞಾನ, ಸಮಾಜ, ಗಣಿತವೆಲ್ಲ ಕನ್ನಡದಲ್ಲೇ ಸಿಗುತ್ತವೆ. ಸಿಗದಿರುವುದು ಆಡುಮಾತಿನ ಇಂಗ್ಲಿಷ್. ಹಾಗಾಗಿ ಅಲ್ಲಿನ ಮಾದರಿಯನ್ನು ಹಾಗೆಯೇ ಎತ್ತಿ ತಂದರೆ ನಮ್ಮ ತಾಣ ಸುತ್ತೋಲೆಗಳ, ಹೋಂವರ್ಕಿನ ಪಟ್ಟಿಗಳ ಗೋಡೆಯಾಗಿ ನಿಲ್ಲುತ್ತದೆ. ನಮ್ಮ ತಾಣ ಎಲ್ಲಕ್ಕಿಂತ ಮೊದಲು ಕಿವಿಗೆ ಸಿಗಬೇಕು.

ಕರ್ನಾಟಕದೊಳಗೂ ಒಂದೇ ಬಗೆಯ ತರಗತಿ ಇಲ್ಲ. ಮಂಗಳೂರಿನ ಆಸುಪಾಸಿನ ಮಗುವಿಗೆ ತುಳು ಅಥವಾ ಬ್ಯಾರಿ ಮನೆಮಾತು, ಬೆಳಗಾವಿಯ ಕಡೆ ಮರಾಠಿ, ಬೀದರ್-ಕಲಬುರಗಿಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಇಂಥ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಯಾವ ತಾಣದ ಪುಟದಲ್ಲಿ ಎಷ್ಟು ಕನ್ನಡ, ಎಷ್ಟು ಚಿತ್ರ, ಎಷ್ಟು ಧ್ವನಿ ಇರಬೇಕೆಂಬುದನ್ನು ಆ ಮಕ್ಕಳನ್ನು ಬಲ್ಲ ಶಿಕ್ಷಕರಷ್ಟೇ ತೀರ್ಮಾನಿಸಬಲ್ಲರು. ರಾಜ್ಯಕ್ಕೆಲ್ಲ ಒಂದೇ ದೊಡ್ಡ ತಾಣ ಮಾಡಿದರೆ ಸಾಲದು, ತರಗತಿಗೊಂದು ಚಿಕ್ಕ ತಾಣ ಬೇಕು ಎನ್ನಲು ಇದೇ ಮೊದಲ ಕಾರಣ.

ನೀತಿ ಬಂದ ದಾರಿ

ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ 2007-08ರಲ್ಲಿ ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಹೇಳಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ಮಾಧ್ಯಮ ಯಾವುದಿರಬೇಕೆಂಬ ವಾದದಲ್ಲಿ ನಾನು ಮಾತೃಭಾಷೆಯ ಪರ. ಆದರೆ ಆ ವಾದದ ಅಬ್ಬರದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಸರಿದಿದೆ: ಕನ್ನಡದಲ್ಲಿ ಓದುವ ಮಗುವಿಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಹೇಗೆ? ಇದಕ್ಕೆ ನೆಟ್ಟಗೆ ಉತ್ತರ ಕೊಡದೆ ಕನ್ನಡ ಮಾಧ್ಯಮವನ್ನು ಉಳಿಸಲಾಗದು. ಅಪ್ಪ ಅಮ್ಮ ಮಗುವನ್ನು ದೂರದ ಕಾನ್ವೆಂಟಿಗೆ ವ್ಯಾನಿನಲ್ಲಿ ಕಳಿಸುವುದು ಬಹುಪಾಲು ಈ ಒಂದು ಭಾಷೆಯ ಆಸೆಯಿಂದಲೇ.

ಕಲಿಕೆಯ ಮಟ್ಟದ ಬಗ್ಗೆ ಭ್ರಮೆ ಬೇಡ. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಕುರಿತ ‘ಅಸರ್’ ಶಿಕ್ಷಣ ಸಮೀಕ್ಷೆಯ 2023ರ ವರದಿಯ ಪ್ರಕಾರ, ಸರಳ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇ 57.3. ಅವರಲ್ಲೂ ಸುಮಾರು ಮುಕ್ಕಾಲು ಪಾಲಿನವರಿಗೆ ಮಾತ್ರ ಓದಿದ್ದರ ಅರ್ಥ ಹೇಳಲು ಬಂತು. ವರ್ಷಗಟ್ಟಲೆ ಇಂಗ್ಲಿಷ್ ಪಠ್ಯದೊಡನೆ ಕಳೆದ ಮೇಲಿನ ಸ್ಥಿತಿ ಇದು.

ಸಂಶೋಧನೆಯಿಂದ ತೆಗೆದುಕೊಳ್ಳಬೇಕಾದದ್ದು

ಎರಡನೆಯ ಭಾಷೆಯ ಕಲಿಕೆಯ ಬಗ್ಗೆ ನೂರು ವರ್ಷಗಳ ಚಿಂತನೆ ನಮ್ಮ ಮುಂದಿದೆ. ಅದರಲ್ಲಿ ತಾಣ ಕಟ್ಟುವವರಿಗೆ ನೇರವಾಗಿ ಒದಗುವ ನಾಲ್ಕು ಮಾತುಗಳಿವೆ.

ಮೊದಲನೆಯದು ಸ್ಟೀಫನ್ ಕ್ರಾಶನ್ 1980ರ ದಶಕದಲ್ಲಿ ಒತ್ತಿ ಹೇಳಿದ್ದು. ಕಲಿಯುವವರಿಗೆ ಅರ್ಥವಾಗುವ, ಈಗಿನ ಮಟ್ಟಕ್ಕಿಂತ ತುಸು ಮೇಲಿನ ಮಾತು ಧಾರಾಳವಾಗಿ ಸಿಗಬೇಕು. ಭಯ, ನಾಚಿಕೆ ಇರುವ ಕಡೆ ಆ ಮಾತು ಒಳಗಿಳಿಯುವುದಿಲ್ಲ. ಅವರ ಸಿದ್ಧಾಂತದ ಎಲ್ಲ ಭಾಗವನ್ನೂ ವಿದ್ವಾಂಸರು ಒಪ್ಪಿಲ್ಲ, ಆದರೆ ಈ ತಿರುಳನ್ನು ಅಲ್ಲಗಳೆದವರು ಕಡಿಮೆ. ತರಗತಿಯಲ್ಲಿ ಎದ್ದು ನಿಂತು ‘ಇನ್ನೊಂದು ಸಲ ಹೇಳಿ ಮಿಸ್’ ಎನ್ನಲು ಸಂಕೋಚಪಡುವ ಮಗು ಫೋನಿನಲ್ಲಿ ಅದೇ ವಾಕ್ಯವನ್ನು ಹತ್ತು ಸಲ ಒತ್ತಿ ಕೇಳುತ್ತದೆ. ನಗುವವರು ಯಾರೂ ಇರುವುದಿಲ್ಲ.

ಎರಡನೆಯದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ವಿಂಗಡಣೆ. ದಿನಬಳಕೆಯ ಮಾತು ಒಂದು, ಪಾಠದ ಭಾಷೆ ಇನ್ನೊಂದು. ಮೊದಲನೆಯದಕ್ಕೆ ಸುಮಾರು ಎರಡು ವರ್ಷ ಸಾಕು; ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾದೀತು, ಅದೂ ಸುತ್ತಲೂ ಇಂಗ್ಲಿಷ್ ಇರುವ ಕಡೆ. ಮನೆಮಾತಿನಲ್ಲಿ ಗಟ್ಟಿಯಾಗಿ ಓದಲು ಕಲಿತ ಮಗು ಆ ಓದಿನ ಬಲವನ್ನು ಹೊಸ ಭಾಷೆಗೂ ಒಯ್ಯುತ್ತದೆ ಎಂದೂ ಅವರು ತೋರಿಸಿದರು. ಕನ್ನಡದ ಓದು ಇಂಗ್ಲಿಷಿಗೆ ಅಡ್ಡಿ ಎಂಬ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ.

ಮೂರನೆಯದು ನಮ್ಮ ನೆಲದಲ್ಲೇ ಹುಟ್ಟಿದ್ದು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು ಮತ್ತು ಮದರಾಸಿನ ಕಡೆಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ದಾಖಲಾಗಿದೆ. ಅವರ 1987ರ ಪುಸ್ತಕ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ಯಲ್ಲಿ ಅದರ ವಿವರವಿದೆ. ವ್ಯಾಕರಣದ ನಿಯಮಗಳನ್ನು ಮೊದಲು ಹೇಳುವ ಬದಲು ಅವರು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಇಟ್ಟು, ತರ್ಕಿಸಿ ಉತ್ತರ ಕಂಡುಕೊಳ್ಳುವ ಕೆಲಸ ಕೊಟ್ಟರು. ಮನಸ್ಸು ಉತ್ತರದ ಬೆನ್ನು ಹತ್ತಿದಾಗ ಭಾಷೆ ತಾನಾಗಿ ಅಂಟುತ್ತದೆ ಎಂಬುದು ಅವರ ಕಾಣ್ಕೆ. ಟ್ಯಾಸ್ಕ್ ಆಧಾರಿತ ಬೋಧನೆ ಎಂದು ಇಂದು ಹೆಸರಾದ ಪದ್ಧತಿಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದೂ ಒಂದು. ಅದು ನಡೆದ ರಾಜ್ಯದ ತರಗತಿಗಳಲ್ಲೇ ಇಂದು ಗೈಡ್ ನೋಡಿ ಪ್ರಶ್ನೋತ್ತರ ಬರೆಸುವುದು ನಡೆದಿದೆ ಎಂಬುದು ನನಗೆ ನಿಜವಾದ ನೋವು.

ನಾಲ್ಕನೆಯದು ಪದಗಳ ಲೆಕ್ಕಾಚಾರ. ಬಂಗಾಳದ ಢಾಕಾದಲ್ಲಿ ಶಿಕ್ಷಕರಾಗಿದ್ದ ಮೈಕೆಲ್ ವೆಸ್ಟ್, ಭಾರತೀಯ ಮಗುವಿಗೆ ಮೊದಲು ಬೇಕಾದದ್ದು ಓದಿನ ಬಲ ಎಂದು ಮನಗಂಡು ಸೀಮಿತ ಪದಗಳ ಓದುಪುಸ್ತಕಗಳನ್ನು ಮಾಡಿದರು. ಅತಿ ಹೆಚ್ಚು ಬಳಕೆಯ ಸುಮಾರು ಎರಡು ಸಾವಿರ ಪದಗಳ ಅವರ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಪುಟಕ್ಕೆ ನಲವತ್ತು ಹೊಸ ಪದ ತುರುಕುವವರಿಗೆ ಇದು ಎಚ್ಚರಿಕೆ. ಬಳಕೆಯ ಆರೇಳು ಪದ, ಅವೇ ಪದಗಳು ಮುಂದಿನ ವಾರಗಳಲ್ಲಿ ಬೇರೆ ಬೇರೆ ವಾಕ್ಯಗಳಲ್ಲಿ ತಿರುಗಿ ಬರುವ ಏರ್ಪಾಡು, ಇಷ್ಟಿದ್ದರೆ ಸಾಕು.

ಇರುವುದು ಸಾಲದೆ?

ಕೇಳಬೇಕಾದ ಪ್ರಶ್ನೆಯೇ. 2017ರ ಸೆಪ್ಟೆಂಬರಿನಲ್ಲಿ ಶುರುವಾದ ‘ದೀಕ್ಷಾ’ ವೇದಿಕೆ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಓದಿನ ಮಟ್ಟದ ಪ್ರಕಾರ ಸಿಗುತ್ತದೆ, ಮುಕ್ತ ಪರವಾನಗಿ ಇರುವುದರಿಂದ ಕರ್ತೃಗಳ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಕರ್ನಾಟಕದ ಶಿಕ್ಷಕರಿಗಾಗಿ ವಿಕಿ ರೂಪದಲ್ಲಿ ಕಟ್ಟಿದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಿದೆ. ನೆರೆಯ ಕೇರಳದಲ್ಲಿ ಶಾಲೆಗಳೇ ತಮ್ಮ ಪುಟಗಳನ್ನು ಮಲಯಾಳದಲ್ಲಿ ಬರೆಯುವ ‘ಸ್ಕೂಲ್‌ವಿಕಿ’ ಇದೆ.

ಇವೆಲ್ಲ ದೊಡ್ಡ ಉಗ್ರಾಣಗಳು. ಬೇಕಾದದ್ದು ಅಲ್ಲಿದೆ, ನಿಜ. ಆದರೆ ಏಳನೆಯ ತರಗತಿಯ ಹುಡುಗಿ ಸಂಜೆ ಅಮ್ಮನ ಫೋನನ್ನು ಹತ್ತು ನಿಮಿಷಕ್ಕೆ ಕೈಗೆ ತೆಗೆದುಕೊಂಡಾಗ, ಈ ಹೊತ್ತು ತರಗತಿಯಲ್ಲಿ ಕೇಳಿದ ಅದೇ ವಾಕ್ಯಗಳು ಎಲ್ಲಿವೆ ಎಂದು ಅವಳಿಗೆ ತಿಳಿಯಬೇಕು. ಹುಡುಕಾಟದಲ್ಲೇ ಆ ಹತ್ತು ನಿಮಿಷ ಕಳೆದುಹೋಗಬಾರದು. ವಾಟ್ಸಾಪ್ ಗುಂಪು ಈ ಕೆಲಸ ಮಾಡುವುದಿಲ್ಲವೆ ಎಂದು ಕೇಳುವವರಿದ್ದಾರೆ. ಗುಂಪಿನಲ್ಲಿ ಹಾಕಿದ ಪಾಠ ಹೊಳೆಗೆ ಬಿಟ್ಟ ಎಲೆಯ ಹಾಗೆ. ಶುಭೋದಯದ ಚಿತ್ರಗಳು, ರಜೆಯ ಸೂಚನೆಗಳ ನಡುವೆ ಎರಡೇ ದಿನದಲ್ಲಿ ಕಾಣದಂತಾಗುತ್ತದೆ. ತಾಣದಲ್ಲಿ ಜೂನ್ ತಿಂಗಳ ಪುಟ ಜನವರಿಯಲ್ಲೂ ಅದೇ ಜಾಗದಲ್ಲಿರುತ್ತದೆ. ಕೊಂಡಿಯನ್ನು ಕಳಿಸಲು ವಾಟ್ಸಾಪ್, ಪಾಠ ನಿಲ್ಲಲು ತಾಣ ಎಂದು ಕೆಲಸ ಹಂಚಿಕೊಂಡರೆ ಎರಡೂ ಉಪಯೋಗಕ್ಕೆ ಬರುತ್ತವೆ.

ಒಂದು ಪುಟವನ್ನು ಹತ್ತಿರದಿಂದ ನೋಡಿದರೆ

ಪ್ರಭು ಅವರ ರೈಲಿನ ವೇಳಾಪಟ್ಟಿಯನ್ನು ನಮ್ಮ ಊರಿಗೆ ತರೋಣ. ಏಳನೆಯ ತರಗತಿ, ವಿಷಯ ಬಸ್ಸಿನ ವೇಳೆ. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕಿರುವ ಫಲಕದ ಫೋಟೊವನ್ನು ಶಿಕ್ಷಕಿಯೇ ತೆಗೆದು ಪುಟದ ಮೇಲ್ಭಾಗದಲ್ಲಿ ಹಾಕಿದ್ದಾರೆ. ಅದರ ಕೆಳಗೆ ಆರು ಪದಗಳು: ಲೀವ್, ಅರೈವ್, ಅರ್ಲಿ, ಲೇಟ್, ಬಿಫೋರ್, ಆಫ್ಟರ್. ಪ್ರತಿ ಪದದ ಪಕ್ಕ ಒಂದು ಗುಂಡಿ. ಒತ್ತಿದರೆ ಶಿಕ್ಷಕಿಯ ಧ್ವನಿ ಮೊದಲು ಪದವನ್ನು, ಆಮೇಲೆ ಆ ಪದವಿರುವ ಒಂದು ವಾಕ್ಯವನ್ನು ಹೇಳುತ್ತದೆ. ‘ದ ಬಸ್ ಲೀವ್ಸ್ ಅಟ್ ಏಯ್ಟ್ ಥರ್ಟಿ.’ ವಾಕ್ಯದ ನಂತರ ಮೂರು ಸೆಕೆಂಡು ಮೌನ, ಮಗು ತಿರುಗಿ ಹೇಳಲೆಂದು. ಅದಾದ ಮೇಲೆ ಅದೇ ವಾಕ್ಯ ಇನ್ನೊಮ್ಮೆ.

ನಂತರ ಕೆಲಸ. ಅಜ್ಜಿಯನ್ನು ಹತ್ತು ಗಂಟೆಯೊಳಗೆ ಜಿಲ್ಲಾ ಆಸ್ಪತ್ರೆಗೆ ತಲುಪಿಸಬೇಕು. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಯಾವ ಬಸ್ ಹತ್ತಬೇಕು, ಏಕೆ? ಪ್ರಶ್ನೆ ಸರಳ ಇಂಗ್ಲಿಷಿನಲ್ಲಿದೆ. ತಿಳಿಯದವರು ಒತ್ತಿ ನೋಡಲೆಂದು ಕನ್ನಡದ ವಿವರಣೆ ಕೆಳಗೆ ಮಡಚಿಕೊಂಡಿದೆ. ಉತ್ತರಕ್ಕೆ ಎರಡೇ ಎರಡು ವಾಕ್ಯ ಸಾಕು. ಅದನ್ನು ಮಗು ಫೋನಿನಲ್ಲಿ ಹೇಳಿ ಶಿಕ್ಷಕಿಗೆ ಕಳಿಸಬಹುದು, ಇಲ್ಲವೇ ನೋಟ್‌ಬುಕ್ಕಿನಲ್ಲಿ ಬರೆದು ತರಬಹುದು. ಮರುದಿನದ ಪೀರಿಯಡ್ಡು ಈ ಉತ್ತರಗಳಿಂದಲೇ ಶುರುವಾಗುತ್ತದೆ. ಒಬ್ಬ ಏಳೂವರೆಯ ಬಸ್ಸು ಎನ್ನುತ್ತಾನೆ, ಇನ್ನೊಬ್ಬಳು ಎಂಟೂವರೆಯದೇ ಸಾಕು ಎನ್ನುತ್ತಾಳೆ. ಅಲ್ಲಿ ಹುಟ್ಟುವ ವಾದವೇ ಇಂಗ್ಲಿಷಿನ ಕಲಿಕೆ. ವಾರದ ಕೊನೆಗೆ ಪುಟದ ತಳದಲ್ಲಿ ‘ನಮ್ಮ ಉತ್ತರಗಳು’ ಎಂಬ ಭಾಗ ಸೇರುತ್ತದೆ. ಮಗು ಆಡಿದ ಇಂಗ್ಲಿಷನ್ನು ಇನ್ನೊಂದು ಮಗು ಕೇಳುತ್ತದೆ, ಮನೆಯಲ್ಲಿ ಅಮ್ಮನೂ ಕೇಳುತ್ತಾಳೆ.

ಧ್ವನಿಯ ಮೇಲೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ. ನಮ್ಮ ಮಕ್ಕಳ ಇಂಗ್ಲಿಷ್ ಪುಸ್ತಕ ತೆರೆದರೆ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳು ಕಾಣುತ್ತವೆ. ಬರೆದಂತೆ ಓದುವ ಲಿಪಿಯಲ್ಲಿ ಪಳಗಿದ ಮಗು, ಬರೆದಂತೆ ಓದದ ಲಿಪಿಯನ್ನು ಹಾಗೆ ಹಿಡಿದಿಟ್ಟುಕೊಳ್ಳಲು ನೋಡುತ್ತದೆ. ಅದು ಜಾಣತನವೇ. ಆದರೆ ತಪ್ಪಾಗಿ ಬರೆದುಕೊಂಡದ್ದು ತಪ್ಪಾಗಿಯೇ ನಾಲಿಗೆಯಲ್ಲಿ ನಿಲ್ಲುತ್ತದೆ. ಲೀವ್, ಲಿವ್ ಎಂಬ ವ್ಯತ್ಯಾಸ ಹ್ರಸ್ವ-ದೀರ್ಘ ಬಲ್ಲ ಕನ್ನಡದ ಕಿವಿಗೆ ಸುಲಭ. ವೆಸ್ಟ್ ಎಂಬ ಒಂದೇ ಕನ್ನಡ ರೂಪದಲ್ಲಿ ಬರುವ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ಕಷ್ಟ. ಇಂಥ ಕಡೆ ಕೇಳಿಯೇ ಕಲಿಯಬೇಕು.

‘ನನ್ನ ಉಚ್ಚಾರಣೆಯೇ ಸರಿಯಿಲ್ಲ, ನನ್ನ ಧ್ವನಿ ಹೇಗೆ ಹಾಕಲಿ’ ಎಂದು ಹಿಂಜರಿಯುವ ಶಿಕ್ಷಕರು ಬಹಳ ಮಂದಿ. ಅವರಿಗೆ ಹೇಳಬೇಕಾದ ಮಾತು ಇಷ್ಟೆ: ಲಂಡನ್ನಿನವರಂತೆ ಮಾತಾಡುವುದು ಗುರಿಯಲ್ಲ, ಬೇರೆ ಊರಿನವರಿಗೂ ತಿಳಿಯುವಂತೆ ಮಾತಾಡುವುದು ಗುರಿ. ಮಗು ನಂಬುವ ಧ್ವನಿ ತನ್ನ ಶಿಕ್ಷಕಿಯದು. ಅನುಮಾನವಿರುವ ಪದಗಳನ್ನು ನಿಘಂಟಿನ ಧ್ವನಿಯಲ್ಲಿ ಕೇಳಿಕೊಂಡು ರೆಕಾರ್ಡ್ ಮಾಡಿದರೆ ಶಿಕ್ಷಕರ ಇಂಗ್ಲಿಷೂ ವರ್ಷದಿಂದ ವರ್ಷಕ್ಕೆ ಮಾಗುತ್ತದೆ.

ಕನ್ನಡಕ್ಕೆ ಎಷ್ಟು ಜಾಗ?

ಇಂಗ್ಲಿಷ್ ತಾಣದಲ್ಲಿ ಕನ್ನಡ ಕಾಣಿಸಲೇಬಾರದು ಎನ್ನುವವರು ಒಂದು ಕಡೆ, ಪ್ರತಿ ಸಾಲಿಗೂ ಅನುವಾದ ಬೇಕು ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಎರಡೂ ಅತಿರೇಕ. ಅನುವಾದ ಕಣ್ಣಮುಂದೆಯೇ ಇದ್ದರೆ ಮಗು ಇಂಗ್ಲಿಷ್ ಸಾಲನ್ನು ಓದುವುದೇ ಇಲ್ಲ. ಅನುವಾದ ಎಲ್ಲಿಯೂ ಇಲ್ಲದಿದ್ದರೆ ಮೂರನೆಯ ಸಾಲಿಗೆ ಪುಟ ಮುಚ್ಚುತ್ತದೆ. ಪುಟದ ಸೂಚನೆಗಳು, ಕೆಲಸದ ಉದ್ದೇಶ, ಪೋಷಕರಿಗೆ ಮಾತು ಇವೆಲ್ಲ ಕನ್ನಡದಲ್ಲೇ ನೇರವಾಗಿರಲಿ. ಪಾಠದ ವಾಕ್ಯಗಳ ಅರ್ಥ ಮಾತ್ರ ಮಗು ಬೇಕೆಂದು ಒತ್ತಿದಾಗ ತೆರೆದುಕೊಳ್ಳಲಿ. ವೇಲ್ಸ್ ದೇಶದ ಕೆನ್ ವಿಲಿಯಮ್ಸ್ 1994ರಲ್ಲಿ ವಿವರಿಸಿದ ಕ್ರಮ ಇಲ್ಲಿ ನೆರವಿಗೆ ಬರುತ್ತದೆ: ಒಂದು ಭಾಷೆಯಲ್ಲಿ ಕೇಳಿ ಅಥವಾ ಓದಿ, ಇನ್ನೊಂದರಲ್ಲಿ ಹೇಳುವುದು ಅಥವಾ ಬರೆಯುವುದು. ಅಜ್ಜ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ ಮಳೆಗಾಲದ ಅನುಭವವನ್ನು ಮಗು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದರೆ, ಆ ವಾಕ್ಯಗಳಲ್ಲಿ ಹೇಳುವ ವಿಷಯವೊಂದು ಇರುತ್ತದೆ. ಪಠ್ಯದ ಪ್ರಶ್ನೋತ್ತರದಲ್ಲಿ ಅದು ಸಿಗುವುದಿಲ್ಲ.

ಕನ್ನಡ ಹಾಕುವಾಗ ಒಂದು ತಾಂತ್ರಿಕ ಎಚ್ಚರ ಬೇಕು. ಶಾಲೆಯ ಕಂಪ್ಯೂಟರಿನಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಮಗುವಿನ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಬೇಕು, ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಫೋನು ಯಾರ ಕೈಯಲ್ಲಿದೆ?

‘ಅಸರ್’ 2024ರ ವರದಿ ಹೇಳುವಂತೆ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಬಳಸಬಲ್ಲವರು ಶೇ 80ಕ್ಕಿಂತ ಹೆಚ್ಚು. ಬಳಸಬಲ್ಲವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಫೋನ್ ಹಿಡಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಹಿಡಿದವರು ಶೇ 76. ಫೋನ್ ಮನೆಗೆ ಬಂದಿದೆ. ಅದರಲ್ಲಿ ಮಗುವಿಗೆ ಕರೆದು ಕೊಡುವ ಓದಿನ ಕೆಲಸ ಇನ್ನೂ ಬೇಕಾದಷ್ಟು ಬಂದಿಲ್ಲ.

ಆದರೆ ಮನೆಯಲ್ಲಿ ಫೋನಿದ್ದರೆ ಅದು ಮಗುವಿನ ಕೈಯಲ್ಲಿದೆ ಎಂದರ್ಥವಲ್ಲ. ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ, ಸಂಜೆ ಬಂದಾಗ ಅಣ್ಣನ ಪಾಲಾಗುತ್ತದೆ, ತಂಗಿಯ ಸರದಿ ಕೊನೆಯದು. ಕೋವಿಡ್ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡೆವು. ಆನ್‌ಲೈನ್ ತರಗತಿ ತಲುಪದ ಕಡೆ ಶಿಕ್ಷಕರು 2020ರ ಆಗಸ್ಟಿನಿಂದ ‘ವಿದ್ಯಾಗಮ’ದಡಿ ಊರ ಜಗಲಿಗಳಿಗೇ ಹೋಗಿ ಕಲಿಸಿದರು, ಪಾಠಗಳು ಚಂದನ ವಾಹಿನಿಯಲ್ಲಿ ಬಂದವು. ಯಾವ ಒಂದು ದಾರಿಯೂ ಎಲ್ಲ ಮಕ್ಕಳನ್ನು ಮುಟ್ಟುವುದಿಲ್ಲ ಎಂಬುದೇ ಆ ದಿನಗಳ ಪಾಠ.

ಆದ್ದರಿಂದ ತಾಣಕ್ಕೆ ಮೂರು ಷರತ್ತು ಹಾಕುತ್ತೇನೆ. ಮೊದಲನೆಯದು, ಪುಟ ಹಗುರವಾಗಿರಬೇಕು. ಫೋನಿನಲ್ಲಿ ತೆಗೆದ ಒಂದು ಫೋಟೊ ಮೂರು ನಾಲ್ಕು ಎಂಬಿ ತೂಗುತ್ತದೆ. ಅಳತೆ ಕಿರಿದು ಮಾಡಿದರೆ ನೂರೈವತ್ತು ಕೆಬಿಯಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. 64 ಕೆಬಿಪಿಎಸ್‌ನ ಒಂದು ನಿಮಿಷದ ಧ್ವನಿ ಹೆಚ್ಚುಕಡಿಮೆ 480 ಕೆಬಿ. ಅಂದರೆ ಮೇಲೆ ಹೇಳಿದ ಬಸ್ಸಿನ ಪುಟ ಪೂರ್ತಿಯಾಗಿ ಎರಡು ಎಂಬಿ ದಾಟುವುದಿಲ್ಲ. ಅದೇ ಪಾಠವನ್ನು ವಿಡಿಯೊ ಮಾಡಿದರೆ ಹತ್ತಾರು ಎಂಬಿ ಬೇಕು. ಬಾಂಗ್ಲಾದೇಶದಲ್ಲಿ 2009ರಲ್ಲಿ ಶುರುವಾದ ‘ಬಿಬಿಸಿ ಜಾನಾಲಾ’ ಸಾದಾ ಫೋನಿಗೆ ಕರೆ ಮಾಡಿ ಕೇಳುವ ಮೂರು ನಿಮಿಷದ ಇಂಗ್ಲಿಷ್ ಪಾಠಗಳನ್ನು ಕೊಟ್ಟು ಲಕ್ಷಾಂತರ ಮಂದಿಯನ್ನು ತಲುಪಿತು. ಅಲ್ಲಿ ಚಿತ್ರವೇ ಇರಲಿಲ್ಲ, ಧ್ವನಿ ಮಾತ್ರ ಇತ್ತು.

ಎರಡನೆಯದು, ನೆಟ್ ಇಲ್ಲದೆಯೂ ತಾಣ ತೆರೆಯಬೇಕು. ಸರಳವಾದ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿದ ತಾಣವನ್ನು ಪೆನ್‌ಡ್ರೈವಿಗೋ ಮೆಮೊರಿ ಕಾರ್ಡಿಗೋ ನಕಲು ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ತೆರೆಯಬಹುದು. ನೆಟ್ ಇಲ್ಲದ ಶಾಲೆಗಳಿಗೆಂದೇ ರೂಪಿಸಿದ ‘ಕೊಲಿಬ್ರಿ’ಯಂಥ ಉಚಿತ ತಂತ್ರಾಂಶಗಳಿವೆ, ಕೋಣೆಯ ಒಂದು ಚಿಕ್ಕ ಕಂಪ್ಯೂಟರು ಸುತ್ತಲಿನ ಫೋನುಗಳಿಗೆ ಪಾಠ ಬಡಿಸುತ್ತದೆ.

ಮೂರನೆಯದು, ತಾಣ ನೋಡದ ಮಗುವಿಗೆ ಮರುದಿನದ ತರಗತಿಯಲ್ಲಿ ನಷ್ಟವಾಗಬಾರದು. ಪೀರಿಯಡ್ಡಿನ ಮೊದಲ ಐದು ನಿಮಿಷ ಅದೇ ಧ್ವನಿಯನ್ನು ಒಂದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಬೇಕು. ಆರು ಪದ, ಒಂದು ಪ್ರಶ್ನೆಯಿರುವ ಚೀಟಿ ಎಲ್ಲರ ಕೈಗೂ ಹೋಗಬೇಕು. ಇದನ್ನು ಬಿಟ್ಟರೆ ತಾಣವೇ ತರಗತಿಯೊಳಗೆ ಹೊಸ ಅಂತರವೊಂದನ್ನು ಹುಟ್ಟುಹಾಕುತ್ತದೆ.

ಸಲಕರಣೆ ಮತ್ತು ಹಕ್ಕುಸ್ವಾಮ್ಯ

ಯಾವ ಸಲಕರಣೆಯಲ್ಲಿ ಕಟ್ಟಬೇಕೆಂಬುದು ಚಿಕ್ಕ ಪ್ರಶ್ನೆ, ಬೇಗ ಮುಗಿಸಬಹುದು. ಕೋಡಿಂಗ್ ಬಾರದವರಿಗೆ ಗೂಗಲ್ ಸೈಟ್ಸ್ ಸುಲಭ. ಜಾಹೀರಾತಿಲ್ಲ, ಖರ್ಚಿಲ್ಲ, ಆದರೆ ಪುಟಗಳನ್ನು ಹೊರತೆಗೆದು ನೆಟ್ ಇಲ್ಲದ ಕಡೆ ಬಳಸುವುದು ಸಲೀಸಲ್ಲ. ವರ್ಡ್‌ಪ್ರೆಸ್‌ನಲ್ಲಿ ಸ್ವಾತಂತ್ರ್ಯ ಹೆಚ್ಚು, ನಿಗಾ ಹೆಚ್ಚು ಬೇಕು. ಅದರ ಉಚಿತ ಸೇವೆಯಲ್ಲಿ ಜಾಹೀರಾತು ನುಸುಳುತ್ತದೆ. ಸ್ವಲ್ಪ ಕಲಿತರೆ ಸಾದಾ ಎಚ್‌ಟಿಎಂಎಲ್ ಎಲ್ಲಕ್ಕಿಂತ ಗಟ್ಟಿ. ಯಾವುದೇ ಆದರೂ ಮುಖಪುಟದಲ್ಲಿ ಈ ವಾರದ ಪಾಠ, ಹಿಂದಿನ ಪಾಠಗಳು, ಕಥೆಗಳು, ನಮ್ಮ ಉತ್ತರಗಳು ಎಂಬ ನಾಲ್ಕೇ ಬಾಗಿಲಿರಲಿ. ಕಂಡ ಕಂಡ ಚಿತ್ರ, ಸಿನಿಮಾ ಹಾಡು, ಗೈಡುಗಳ ಪುಟಗಳನ್ನು ಎತ್ತಿ ಹಾಕುವಂತಿಲ್ಲ. ಮುಕ್ತ ಪರವಾನಗಿಯ ಕಥೆ ಮತ್ತು ಚಿತ್ರಗಳು, ಶಿಕ್ಷಕರೇ ತೆಗೆದ ಫೋಟೊಗಳು, ಮಕ್ಕಳೇ ಬರೆದ ಚಿತ್ರಗಳು ಇದ್ದರೆ ಪುಟಕ್ಕೆ ಊರಿನ ಮುಖವೂ ಬರುತ್ತದೆ.

ಕೃತಕ ಬುದ್ಧಿಮತ್ತೆಯ ಮಾತೂ ಇಲ್ಲಿ ಬರಬೇಕು. ಆರು ಪದ ಕೊಟ್ಟು ಹತ್ತು ಸುಲಭ ವಾಕ್ಯ ಬೇಕೆಂದು ಕೇಳಿದರೆ ಅದು ಕ್ಷಣದಲ್ಲಿ ಕೊಡುತ್ತದೆ. ಶಿಕ್ಷಕರ ಸಂಜೆಯ ಹೊತ್ತು ಉಳಿಯುತ್ತದೆ. ಆದರೆ ಅದು ಕೊಡುವ ವಾಕ್ಯದಲ್ಲಿ ಹಿಮ ಬೀಳುತ್ತದೆ, ಮಕ್ಕಳು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಅದರ ಕನ್ನಡ ಹಲವು ಸಲ ನಮ್ಮ ಯಾವ ಊರಿನ ಕನ್ನಡವೂ ಆಗಿರುವುದಿಲ್ಲ. ಪ್ರತಿ ಸಾಲನ್ನೂ ಶಿಕ್ಷಕರು ಓದಿ ತಿದ್ದಿದ ಮೇಲೆಯೇ ಪುಟಕ್ಕೆ ಹೋಗಬೇಕು. ಮಗು ಬರೆಯಬೇಕಾದ ಉತ್ತರವನ್ನು ಯಂತ್ರ ಬರೆದುಕೊಟ್ಟರೆ ಕಲಿಕೆಯೇ ನಿಂತುಹೋಗುತ್ತದೆ. ಬಾಯಲ್ಲಿ ಹೇಳಿಸುವ ಉತ್ತರಕ್ಕೆ ಒತ್ತು ಕೊಡಲು ಇದೂ ಒಂದು ಕಾರಣ.

ಮಕ್ಕಳ ಹೆಸರು, ಮುಖ, ಧ್ವನಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆಂಬುದು, ಮಕ್ಕಳ ಜಾಡು ಹಿಡಿಯುವುದಕ್ಕೆ ಮತ್ತು ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೆ ತಡೆಯೊಡ್ಡುವುದು ಆ ಕಾಯ್ದೆಯ ನಿಲುವು. ಕಾಯ್ದೆ ಇಲ್ಲದಿದ್ದರೂ ಶಿಕ್ಷಕರ ಧರ್ಮ ಇದೇ ಆಗಬೇಕು. ಬಹುಮಾನ ಪಡೆದ ಹುಡುಗಿಯ ಫೋಟೊ, ಪೂರ್ತಿ ಹೆಸರು, ಶಾಲೆ, ಊರು ಎಲ್ಲವನ್ನೂ ಪ್ರೀತಿಯಿಂದಲೇ ಹಾಕುತ್ತೇವೆ. ಅದನ್ನು ನೋಡುವವರೆಲ್ಲ ಪ್ರೀತಿಯಿಂದ ನೋಡುವವರಲ್ಲ. ಮಕ್ಕಳ ಮುಖ ಬೇಡ, ಪೂರ್ತಿ ಹೆಸರು ಬೇಡ, ಅಂಕಪಟ್ಟಿಯಂತೂ ಬೇಡವೇ ಬೇಡ. ಮಕ್ಕಳೇ ಒಂದು ಹಕ್ಕಿಯ ಅಥವಾ ಮರದ ಹೆಸರಿಟ್ಟುಕೊಂಡು ಬರೆಯಲಿ. ಧ್ವನಿ ಹಾಕುವ ಮೊದಲು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರಿಗೆ ತಾಣವನ್ನೇ ತೆರೆದು ತೋರಿಸಿ, ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ವರ್ಷ ಮುಗಿದ ಮೇಲೆ ಮಕ್ಕಳ ಧ್ವನಿಗಳನ್ನು ತೆಗೆದುಹಾಕಬೇಕು.

ದುಡಿಮೆ ಯಾರದು, ಅಳತೆ ಯಾವುದು?

ಈ ಎಲ್ಲದರ ಭಾರ ಕೊನೆಗೆ ಬೀಳುವುದು ಶಿಕ್ಷಕರ ಮೇಲೆ. ಬಿಸಿಯೂಟದ ಲೆಕ್ಕ, ‘ಸ್ಯಾಟ್ಸ್’ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಗಣತಿ, ಚುನಾವಣೆ, ತರಬೇತಿ ಇವುಗಳ ನಡುವೆ ತಾಣವೂ ಒಂದು ಕಡ್ಡಾಯ ನಮೂನೆಯಾದರೆ ಅದು ಮೊದಲ ತಿಂಗಳಲ್ಲೇ ಸಾಯುತ್ತದೆ. ವಾರಕ್ಕೊಂದು ಪುಟಕ್ಕಿಂತ ಹೆಚ್ಚು ಯಾರೂ ಕೇಳಬಾರದು. ಒಂದು ಕ್ಲಸ್ಟರಿನ ಐದಾರು ಇಂಗ್ಲಿಷ್ ಶಿಕ್ಷಕರು ಸೇರಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದೇ ಪುಟದ ಕೆಲಸ. ಉಳಿದವರ ಪುಟಗಳನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ಬದಲಿಸಿ, ತಮ್ಮ ಧ್ವನಿ ಸೇರಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂಥ ತರಬೇತಿ ಕೇಂದ್ರಗಳು ಇಂಥ ಪುಟಗಳ ಕರಡನ್ನು ತರಬೇತಿಯ ಕೆಲಸವಾಗಿಯೇ ಮಾಡಿಸಬಹುದು. ಸರ್ಕಾರ ಒದಗಿಸಬೇಕಾದದ್ದು ಜಾಹೀರಾತಿಲ್ಲದ ಸರ್ವರಿನ ಜಾಗ, ಶಾಲೆಗೆ ನೆಟ್, ವಾರಕ್ಕೊಂದು ಬಿಡುವಿನ ಪೀರಿಯಡ್ಡು. ವರದಿ ಕೇಳುವುದನ್ನು ಆಮೇಲೆ ನೋಡಿಕೊಳ್ಳಲಿ.

ಎಷ್ಟು ಮಂದಿ ತಾಣ ನೋಡಿದರು ಎಂಬ ಸಂಖ್ಯೆ ಯಶಸ್ಸಿನ ಅಳತೆಯಲ್ಲ. ಜೂನಿನಲ್ಲಿ ಪ್ರತಿ ಮಗುವಿನಿಂದಲೂ ಹಿಂದೆ ಕಾಣದ ಐದು ವಾಕ್ಯಗಳನ್ನು ಓದಿಸಿ, ಎರಡು ಪ್ರಶ್ನೆ ಕೇಳಿ ಧ್ವನಿ ಮುದ್ರಿಸಿಕೊಳ್ಳಬೇಕು. ನವೆಂಬರಿನಲ್ಲಿ, ಮಾರ್ಚಿನಲ್ಲಿ ಅದೇ ಮಟ್ಟದ ಬೇರೆ ವಾಕ್ಯಗಳಿಂದ ಮತ್ತೆ ಹಾಗೆಯೇ ಮಾಡಬೇಕು. ಎಲ್ಲಿ ತಡವರಿಸುವುದು ಕಡಿಮೆಯಾಯಿತು, ಯಾರು ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟರು, ಫೋನಿಲ್ಲದ ಮಕ್ಕಳು ಹಿಂದೆ ಬಿದ್ದರೆ ಎಂಬುದನ್ನು ಕೇಳಿ ಗುರುತಿಸಬಹುದು. ವರ್ಷದ ಕೊನೆಗೂ ಈ ವ್ಯತ್ಯಾಸ ಕೇಳಿಸದಿದ್ದರೆ ತಾಣ ಎಷ್ಟೇ ಚೆಂದವಿದ್ದರೂ ಅದನ್ನು ಬದಲಿಸಬೇಕು, ಇಲ್ಲವೇ ಕೈಬಿಡಬೇಕು.

ಕೊನೆಯದಾಗಿ

ಉಳ್ಳವರ ಮಕ್ಕಳಿಗೆ ಶಾಲೆಯ ಆಚೆಗೂ ಇಂಗ್ಲಿಷ್ ಸಿಗುತ್ತದೆ. ಮನೆಯಲ್ಲಿ ಮಾತಾಡುವವರಿದ್ದಾರೆ, ಪುಸ್ತಕಗಳಿವೆ, ಟ್ಯೂಷನ್ ಇದೆ. ಸರ್ಕಾರಿ ಶಾಲೆಯ ಮಗುವಿಗಿರುವುದು ಆ ಒಂದು ಪೀರಿಯಡ್ಡು ಮಾತ್ರ. ಪರೀಕ್ಷೆ, ಸಂದರ್ಶನ, ಕಾಲೇಜು ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿಸುತ್ತವೆ. ಈ ಅನ್ಯಾಯವನ್ನು ಜಾಲತಾಣವೊಂದು ಅಳಿಸಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಶಿಕ್ಷಕರಿಲ್ಲದ ಕಡೆ ಅದರಿಂದ ಏನೂ ಆಗದು. ಶಿಕ್ಷಕರಿರುವ ಕಡೆ ಮಾತ್ರ ಅವರ ಧ್ವನಿಯನ್ನು ಅದು ಸಂಜೆಗೂ ರಜೆಗೂ ಹಬ್ಬಿಸುತ್ತದೆ, ತರಗತಿಯಲ್ಲಿ ಬಾಯಿ ತೆರೆಯದ ಮಗುವಿನ ಮಾತಿಗೂ ಜಾಗ ಕೊಡುತ್ತದೆ. ಕನ್ನಡದಲ್ಲಿ ಓದಿಯೂ ಇಂಗ್ಲಿಷನ್ನು ಧೈರ್ಯವಾಗಿ ಬಳಸುವ ಮಕ್ಕಳು ಊರೂರಲ್ಲಿ ಕಾಣಿಸಿಕೊಂಡರೆ, ಕನ್ನಡ ಶಾಲೆಗೆ ಮಗುವನ್ನು ಸೇರಿಸಲು ಅಪ್ಪ ಅಮ್ಮ ಹಿಂದೆಮುಂದೆ ನೋಡುವುದಿಲ್ಲ. ಕನ್ನಡ ಶಾಲೆಗಳನ್ನು ಉಳಿಸಬೇಕೆನ್ನುವವರೆಲ್ಲ ಈ ಕೆಲಸವನ್ನು ತಮ್ಮದೆಂದು ಕೈಗೆತ್ತಿಕೊಳ್ಳಬೇಕು. ಬರುವ ಜೂನಿನಲ್ಲಿ ಒಂದು ತರಗತಿ, ಒಂದು ಪಾಠ, ಆರು ಪದಗಳಿಂದ ಶುರುಮಾಡಬಹುದು.